ವರ್ಷಕ್ಕೊಮ್ಮೆ ಕೂಗುವ ಹೆಸರು

ರಾಯಚೂರು
೨೧ ಜುಲೈ ೨೦೨೪

ಅಮ್ಮಾ,

ನಾನು ಬಂದುಬಿಟ್ಟೆ! ಮಾನ್ವಿಯ ತವರು ಬಿಟ್ಟು ರಾಯಚೂರಿನ ನನ್ನ ಸ್ವಂತ ಮನೆಗೆ. ಸ್ವಂತ ಅಂದರೆ ಬಾಡಿಗೆಯದೇ, ಆದರೆ ಬೀಗದ ಕೈ ನನ್ನ ಸೊಂಟದಲ್ಲಿದೆ. ಎರಡು ಕೋಣೆ, ಮೇಲೆ ಮಾಳಿಗೆ. ಸಂಜೆ ಮಾಳಿಗೆ ಹತ್ತಿದರೆ ಕೋಟೆಯ ಬೆಟ್ಟ ಕಾಣುತ್ತದೆ. ಮತೀನ್ ಅದನ್ನು ಹುಟ್ಟಿದಾಗಿನಿಂದ ನೋಡಿದವರಂತೆ ಸುಮ್ಮನೆ ಚಹಾ ಕುಡಿಯುತ್ತಾರೆ, ನಾನು ದಿನಾ ಹೊಸದಾಗಿ ನೋಡಿದಂತೆ ಕಿರುಚುತ್ತೇನೆ. ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಕಿರುಚಬಹುದು ಅಲ್ಲವೇ?

ಇನ್ನೊಂದು ಸುದ್ದಿ. ನಾನು ಎಂ.ಎ. ಓದಿದ ವಿಶ್ವವಿದ್ಯಾಲಯದಲ್ಲಿಯೇ, ಅದೇ ಇಂಗ್ಲಿಷ್ ವಿಭಾಗದಲ್ಲಿಯೇ, ಅತಿಥಿ ಉಪನ್ಯಾಸಕಿ ಆಗಿದ್ದೇನೆ! ವಿಭಾಗದಲ್ಲಿ ಕಾಯಂ ಆಗಿರುವವರು ಒಬ್ಬರೇ, ಉಳಿದವರೆಲ್ಲ ನನ್ನಂತೆ ಅತಿಥಿಗಳು. ಸೆಮಿಸ್ಟರ್ ಮುಗಿದರೆ ನಮ್ಮ ಕೆಲಸವೂ ಮುಗಿಯುತ್ತದೆ, ಮತ್ತೆ ಕರೆದರೆ ಉಂಟು. ಮತೀನ್ ಅಲ್ಲಿಯೇ ಹಣಕಾಸು ವಿಭಾಗದಲ್ಲಿದ್ದಾರೆ, ಅವರೂ ಗುತ್ತಿಗೆಯ ಮೇಲೆ. "ನಾವಿಬ್ಬರೂ ಅತಿಥಿಗಳು, ಮನೆಯ ಯಜಮಾನ ಯಾರು?" ಎಂದು ನಗುತ್ತಾರೆ. ನನ್ನ ತರಗತಿಯ ಕೋಣೆ ಸೋರುತ್ತದೆ. ಹುಡುಗಿಯರು ಬೆಂಚು ಸರಿಸಿ, ನಡುವೆ ಬಕೆಟ್ ಇಟ್ಟು ಕೂರುತ್ತಾರೆ.

ನಿಮ್ಮ ಮಗಳು ನೀಲಾ ಅಕ್ಕ ಓದಿದ್ದೂ ಅದೇ ಕೋಣೆಯಲ್ಲಿ ಎಂದು ಹಳೆಯ ಮೇಷ್ಟ್ರು ಹೇಳಿದರು. ಕಿಟಕಿಯ ಪಕ್ಕ ಕೂರುತ್ತಿದ್ದಳಂತೆ. ನಾನು ಆ ಬೆಂಚನ್ನು ಮುಟ್ಟಿ ಬಂದೆ ಅಮ್ಮಾ.

ಮಾರ್ಚ್‌ನಲ್ಲಿ ಆಕೆಯ ನೆನಪಿಗೆ ನೀವು ಇಟ್ಟ ಚಿನ್ನದ ಪದಕ ನನ್ನ ಕೊರಳಿಗೆ ಬಿದ್ದ ದಿನ, ವೇದಿಕೆ ಇಳಿದ ಕೂಡಲೇ ನೀವು ನನ್ನ ಕೈ ಹಿಡಿದಿರಿ. ಮರುದಿನ ಸಿರವಾರಕ್ಕೆ ಕರೆಸಿ ಹೋಳಿಗೆ ಬಡಿಸಿದಿರಿ, ಇಳಕಲ್ ಸೀರೆ ಕೊಟ್ಟಿರಿ. ಪ್ರತಿವರ್ಷ ಪದಕದ ಹುಡುಗಿಗೆ ಹಾಗೆಯೇ ಮಾಡುತ್ತೀರಿ ಎಂದಿರಿ. ನನಗೆ ಮಾತ್ರ ಅದು ಒಂದು ದಿನದ ಊಟವಲ್ಲ. ನನ್ನ ನಿಕಾಹ್‌ಗೆ ನೀವು ಬರಲಿಲ್ಲ ಎಂದು ಇನ್ನೂ ಕೋಪವಿದೆ. ಫೋನ್ ಮಾಡಿದರೆ ಕಾಗದ ಬರಿ ಅನ್ನುತ್ತೀರಿ. ಇದೋ ಬರೆದೆ. ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರ ನೋಡಿ ನಗಬೇಡಿ.

ನಿಮ್ಮ ಪದಕದ ಮಗಳು,
ಅರೀಬಾ


ಸಿರವಾರ
೪ ಆಗಸ್ಟ್ ೨೦೨೪

ಅರೀಬಾ, ಯವ್ವಾ,

ನಿನ್ನ ಕಾಗದ ಬಂತು. ನಾ ಏಳನೇತ್ತ ತನಕ ಓದಿದಾಕಿ, ಮಾತಾಡಿದಂಗ ಬರೀತೀನಿ, ನೀನೂ ನಗಬ್ಯಾಡ. ಫೋನಿನಾಗ ನಿನ್ನ ಮಾತು ಓಡ್ತದ, ಕಾಗದದಾಗ ಕುಂದರ್ತದ. ಅದಕ್ಕ ಬರೀ ಅಂದೆ.

ಲಗ್ನಕ್ಕ ಬರಬೇಕಂತ ಸೀರಿ ಉಟ್ಟಿದ್ದೆ. ನಮ್ಮ ಯಜಮಾನ್ರು ಬರಂಗಿಲ್ಲ ಅಂದ್ರು. ನಿನ್ನ ಮ್ಯಾಲ ಸಿಟ್ಟಲ್ಲ. ಅವರು ಯಾರ ಮಗಳ ಲಗ್ನಕ್ಕೂ ಹೋಗಂಗಿಲ್ಲ. ಗಿರಣಿ, ಮನಿ, ಮಠ, ಅಷ್ಟ. ವರ್ಷಕ್ಕೊಮ್ಮೆ ನಿಮ್ಮ ಯುನಿವರ್ಸಿಟಿಗೆ ಬರ್ತಾರ. ಅವತ್ತ ತಲಿಗೆ ಸುತ್ತೂ ಬಿಳೇ ರುಮಾಲ ತಾವ ಒಗದು ಒಣಗಿಸ್ತಾರ, ನನ್ನ ಕೈಗೂ ಕೊಡಂಗಿಲ್ಲ.

ಬೆಂಚ ಮುಟ್ಟೀನಿ ಅಂದ್ಯಲ್ಲ, ಅದನ್ನ ಓದಿ ಅಡಿಗಿ ಮನ್ಯಾಗ ಹೋಗಿ ಕುಂತೆ. ಅವರಿಗೆ ಓದಿ ಹೇಳಲಿಲ್ಲ. ನಮ್ಮ ಮನ್ಯಾಗ ಆಕಿ ಹೆಸರ ತೆಗೆಯಂಗಿಲ್ಲ. ನೀ ಉಂಡ ತಟ್ಟಿ ಮ್ಯಾಲ ಆಕಿ ಹೆಸರು ಕೊರಸಿದ್ದು ಅದ, ನೋಡೀಯಲ್ಲ. ಓದಾಕ ಬರ್ತದ, ಕೇಳಾಕ ಬರಂಗಿಲ್ಲ.

ಗಂಡಗ ಬಿಸಿ ರೊಟ್ಟಿ ಮಾಡಿ ಹಾಕು. ಸೋರೂ ಕೋಣ್ಯಾಗ ಕುಂತು ಥಂಡಿ ಹಿಡಿಸ್ಕೋಬ್ಯಾಡ.

ಅನ್ನಮ್ಮ


ದೇವದುರ್ಗ
೧೧ ಅಕ್ಟೋಬರ್ ೨೦೨೪

ಅಮ್ಮಾ,

ದಸರಾ ರಜೆ. ಅತ್ತೆಯ ಮನೆಯಲ್ಲಿದ್ದೇನೆ. ನನ್ನ ಅತ್ತೆ ಖಾಸಿಂ ಬೀ ಎಂಥ ಹೆಂಗಸು ಗೊತ್ತೇ! ಓಣಿಯ ಹೆಂಗಸರನ್ನೆಲ್ಲ ಕರೆದು ಪದಕ ತೋರಿಸಿದರು. "ಎಲ್ಲಾರ ಸೊಸಿಯಂದಿರು ತವರಿನಿಂದ ಬಂಗಾರ ತರ್ತಾರ, ನನ್ನ ಸೊಸಿ ಯುನಿವರ್ಸಿಟಿಯಿಂದ ತಂದಾಳ!" ಎಂದರು. ಒಬ್ಬಾಕೆ ಅದನ್ನು ಹಲ್ಲಿನಿಂದ ಕಚ್ಚಿ ನೋಡಿದಳು. ಅತ್ತೆ, "ಲೇ, ಅದು ಬಿಸ್ಕಿಟ್ ಅಲ್ಲಬೇ!" ಎಂದು ಕಸಿದುಕೊಂಡರು. ನಾನು ಬಿದ್ದು ಬಿದ್ದು ನಕ್ಕೆ.

ಇಷ್ಟು ಖುಷಿಯ ನಡುವೆ ಒಂದು ಮಾತು ಹೇಳಬೇಕು. ಮುಚ್ಚಿಡಲು ನನಗೆ ಬರುವುದಿಲ್ಲ. ಈ ವರ್ಷ ವಿಶ್ವವಿದ್ಯಾಲಯಕ್ಕೆ ಬರಬೇಕಾದ ಅನುದಾನ ಪೂರಾ ಬಂದಿಲ್ಲ. ಹೊಸ ಗ್ರಂಥಾಲಯದ ಕಟ್ಟಡ ಕಂಬಗಳಲ್ಲಿಯೇ ನಿಂತಿದೆ, ಹಾಸ್ಟೆಲ್ಲಿನ ನೀರಿನ ಟ್ಯಾಂಕು ರಿಪೇರಿಯಾಗಿಲ್ಲ. ಮತೀನ್ ಹೇಳುತ್ತಾರೆ, "ವಿಶ್ವವಿದ್ಯಾಲಯ ಅಂದ್ರ ಲಗ್ನದ ಮನಿ ಇದ್ದಂಗ. ವರ್ಷಕ್ಕೊಂದಿನ ಹಂದರ, ಉಳಿದ ದಿನ ಅದರ ಚಿಂತಿ."

ಘಟಿಕೋತ್ಸವದ ಪದಕಗಳ ಮಾತೂ ಬಂತಂತೆ. ನಿಮ್ಮಂಥವರು ಇಟ್ಟ ದತ್ತಿಯ ಬಡ್ಡಿಯಲ್ಲಿ ಈಗಿನ ದರಕ್ಕೆ ಚಿನ್ನ ಬರುವುದಿಲ್ಲ. ಆದ್ದರಿಂದ ಇನ್ನು ಮೇಲೆ ಬೆಳ್ಳಿಯ ಮೇಲೆ ಚಿನ್ನದ ನೀರು ಹಾಕಿಸಿದ ಪದಕ. ನಾನು ಮತೀನ್ ಜೊತೆ ಜಗಳವಾಡಿದೆ, ಅವರೇ ತೀರ್ಮಾನ ಮಾಡಿದವರ ಹಾಗೆ! "ಅರೆ ಪಾಗಲ್, ನಾನು ಟೈಪ್ ಮಾಡಿದೆ ಅಷ್ಟೆ" ಎಂದರು.

ನಿಮಗೆ ಬೇಸರವಾಯಿತೇ ಅಮ್ಮಾ? ಆಗಬೇಡಿ. ನನ್ನ ಪದಕ ವಾಪಸು ಕೊಟ್ಟೇನು, ಅದನ್ನೇ ಈ ವರ್ಷದ ಹುಡುಗಿಗೆ ಹಾಕಲಿ!

ಓಣಿಗೆಲ್ಲ ಕೇಳುವಂತೆ ನಗುತ್ತಿರುವ, ಸ್ವಲ್ಪ ಅಳುತ್ತಿರುವ,
ಅರೀಬಾ


ಸಿರವಾರ
೨೭ ಅಕ್ಟೋಬರ್ ೨೦೨೪

ಯವ್ವಾ ಅರೀಬಾ,

ಹುಚ್ಚಿ, ಕೊಟ್ಟಿದ್ದು ವಾಪಸ್ ತಗೊಂತಾರೇನು? ಬೆಳ್ಳಿ ಹಾಕಲಿ, ತಗಡ ಹಾಕಲಿ, ನಮಗೇನೂ ಬೇಸರಿಲ್ಲ. ಹೆಸರ ಕೂಗಿದ್ರ ಸಾಕು.

ನಿನಗ ಯಾಕಂತ ಹೇಳ್ತೀನಿ. ಮತ್ತ ಯಾವ ಪದಕದ ಹುಡಿಗೀಗೂ ಹೇಳಿಲ್ಲ. ನೀಲಾಗ ಹಾಸ್ಟೆಲ್ಲಿನಾಗ ಜ್ವರ ಬಂದಿತ್ತು. ಅಪ್ಪಗ ಫೋನ್ ಮಾಡಿ, "ಯಪ್ಪಾ, ಮನಿಗೆ ಕರಕೊಂಡು ಹೋಗ್ರಿ" ಅಂದ್ಲು. ಅವರು, "ಎರಡ ಪೇಪರ ಉಳಿದಾವ, ಬರದ ಬಾರವ್ವಾ, ನೀ ಫಸ್ಟ್ ಬರಾಕಿ" ಅಂದ್ರು. ಮಗಳ ಮ್ಯಾಲಿನ ಹೆಮ್ಮಿಲೆ ಅಂದ್ರು. ಆಕಿ ಬರದ್ಲು. ಫಸ್ಟೂ ಬಂದ್ಲು. ರಿಜಲ್ಟ ನೋಡಾಕ ಆಕಿ ಇರಲಿಲ್ಲ.

ಅವತ್ತಿನಿಂದ ಅವರ ಬಾಯಾಗ ಆಕಿ ಹೆಸರ ಬಂದಿಲ್ಲ. ನಾ ತೆಗದ್ರ ಎದ್ದು ಹೊರಗ ಹೋಗ್ತಾರ. ಪದಕ ಇಡೂದು ಅವರದ ವಿಚಾರ. ನಿಮ್ಮಲ್ಲಿ ಮೈಕಿನಾಗ, ಆಕೀನ ಕಾಣದಾವರು ಯಾರೋ, ಅಷ್ಟ ಮಂದಿ ನಡುವ, "ಕುಮಾರಿ ನೀಲಾಂಬಿಕಾ ಬಸವಲಿಂಗಪ್ಪ" ಅಂತ ದೊಡ್ಡ ದನೀಲೆ ಕೂಗ್ತಾರಲ್ಲ, ಆವಾಗ ಅವರು ಎದ್ದು ನಿಂತು ಕೈ ಮುಗೀತಾರ. ಯಾರಿಗಂತ ಗೊತ್ತಿಲ್ಲ. ಅವತ್ತ ಒಂದಿನ ರಾತ್ರಿ ಉಣ್ಣಾಕ ಕುಂತಾಗ ನನ್ನ ಮಾರಿ ನೋಡ್ತಾರ.

ಅಷ್ಟ ಬೇಕಾಗಿರೋದು ನಮಗ. ಬಂಗಾರಲ್ಲ.

ನಿನ್ನ ಅತ್ತೀಗೆ ಶರಣು ಹೇಳು.

ಅನ್ನಮ್ಮ


ರಾಯಚೂರು
೨ ಫೆಬ್ರವರಿ ೨೦೨೫

ಅಮ್ಮಾ ಅಮ್ಮಾ ಅಮ್ಮಾ!

ಕುಳಿತಿದ್ದೀರಾ? ಕುಳಿತುಕೊಂಡೇ ಓದಿ. ಇದೇ ಇಪ್ಪತ್ತನೇ ತಾರೀಖು ಗುರುವಾರ ಘಟಿಕೋತ್ಸವ. ಪದಕಗಳ ನಿರೂಪಣೆಗೆ ಯಾರು ಹೇಳಿ? ನಾನು! ಪ್ರತಿವರ್ಷ ಮಾಡುತ್ತಿದ್ದ ಮೇಡಂ ನಿವೃತ್ತರಾದರು. "ಇಂಗ್ಲಿಷೂ ಚಲೋ ಅದ, ಕನ್ನಡಾನೂ ನಡೀತದ, ದನಿ ಸ್ವಚ್ಛ ಅದ" ಎಂದು ಘಟಿಕೋತ್ಸವ ವಿಭಾಗದ ಯಮನೂರಪ್ಪನವರೇ ನನ್ನ ಹೆಸರು ಬರೆಸಿದರು.

ನಿಮಗೆ ತಿಳಿಯಿತಲ್ಲ? ಈ ಸಲ ಕೂಗುವವಳು ನೀಲಾ ಅಕ್ಕನನ್ನು ಕಾಣದ ಯಾರೋ ಅಲ್ಲ. ಆಕೆಯ ತಟ್ಟೆಯಲ್ಲಿ ಉಂಡವಳು!

ದಿನಾ ಸಂಜೆ ಮಾಳಿಗೆಯ ಮೇಲೆ ಅಭ್ಯಾಸ ಮಾಡುತ್ತೇನೆ. ಮತೀನ್ ಅಂಗಳದಲ್ಲಿ ನಿಂತು ಕೇಳಬೇಕು. "ಕುಮಾರಿ ನೀಲಾಂಬಿಕಾ ಬಸವಲಿಂಗಪ್ಪ ಸ್ಮಾರಕ ಪದಕ!" ಮೊದಲ ದಿನ ಪಕ್ಕದ ಮನೆಯ ಗುಲ್ಶನ್ ಬೇಗಂ ಹೊರಗೆ ಬಂದು, "ಯಾರನ್ನ ಕರೀತೀಯವ್ವಾ, ಯಾರಾದ್ರೂ ಕಳೆದಾರೇನು?" ಎಂದು ಕೇಳಿದರು. ಈಗ ಅವರಿಗೂ ಹೆಸರು ಬಾಯಿಪಾಠ.

ನೀವು ಕೊಟ್ಟ ಇಳಕಲ್ ಸೀರೆಯನ್ನೇ ಉಡುತ್ತೇನೆ. ಕುಪ್ಪಸ ಹೊಲಿಸಿದ್ದಾಯಿತು. ಈ ವರ್ಷದ ಪದಕ ಮಲ್ಲಟದ ಹುಡುಗಿಗೆ, ನಾಗರತ್ನಾ ಅಂತ. ತಲೆ ಎತ್ತಿ ಮಾತನಾಡದವಳು. ನೀವು ಹೋಳಿಗೆ ಬಡಿಸಿದರೆ ಅತ್ತೇಬಿಡುತ್ತಾಳೆ.

ಬಂದೇ ಬರಬೇಕು. ಅಪ್ಪಾಜಿಯವರಿಗೆ ಹೇಳಿ, ಈ ಸಲ ಎಷ್ಟು ದೊಡ್ಡ ದನಿಯಲ್ಲಿ ಕೂಗುತ್ತೇನೆಂದರೆ ಸಿರವಾರದ ಗಿರಣಿಯವರೆಗೂ ಕೇಳಬೇಕು. ಇದು ನನ್ನ ಮಾತು.

ಕುಣಿಯುತ್ತಿರುವ,
ಅರೀಬಾ


ಸಿರವಾರ
೯ ಫೆಬ್ರವರಿ ೨೦೨೫

ಯವ್ವಾ,

ನಿನ್ನ ಕಾಗದ ಅವರಿಗೆ ಓದಿ ಹೇಳಿದೆ, ಹೆಸರಷ್ಟ ಬಿಟ್ಟು. "ಈ ಸಲ ಕೂಗಾಕಿ ನಮ್ಮ ಮನ್ಯಾಗ ಉಂಡು ಹೋದ ಹುಡುಗಿ ಅಂತ" ಅಂದೆ. ಮುಂಜಾನೆ ನೋಡಿದ್ರ ರುಮಾಲ ಒಣಗಾಕ ಹಾಕ್ಯಾರ. ಇನ್ನೂ ಹನ್ನೊಂದ ದಿನ ಅದಾವಂತ ಹೇಳಿದ್ರ, "ಇರಲಿ" ಅಂದ್ರು.

ಬರ್ತೀವಿ.

ಅನ್ನಮ್ಮ


ರಾಯಚೂರು
೨೨ ಫೆಬ್ರವರಿ ೨೦೨೫

ಅಮ್ಮಾ,

ಗುರುವಾರ ಕಾರ್ಯಕ್ರಮ ಮುಗಿದ ಮೇಲೆ ನಿಮ್ಮನ್ನು ಎಷ್ಟು ಹುಡುಕಿದೆ! ಊಟದ ಹಂದರದಲ್ಲಿ ನೋಡಿದೆ, ಗೇಟಿನ ಹತ್ತಿರ ಓಡಿದೆ. ಬೇಗ ಹೊರಟುಬಿಟ್ಟಿರಿ ಅನಿಸುತ್ತದೆ. ಬಿಸಿಲೂ ಹೆಚ್ಚಿತ್ತು.

ನಿಮಗೆ ಗೊತ್ತಾಗಿಯೇ ಇರುತ್ತದೆ, ಮುಖ್ಯ ಅತಿಥಿಗಳು ಬಂದದ್ದೇ ತಡ. ಅವರು ಸಂಜೆಯೊಳಗೆ ಹೈದರಾಬಾದಿಗೆ ಹೋಗಿ ವಿಮಾನ ಹಿಡಿಯಬೇಕಿತ್ತು. ಆದ್ದರಿಂದ ಎಲ್ಲವನ್ನೂ ಕಡಿಮೆ ಮಾಡಿದರು. ಸ್ವಾಗತಗೀತೆ ಒಂದೇ ನುಡಿ. ದಾನಿಗಳ ಹೆಸರು, ಸ್ಮಾರಕದ ಹೆಸರು ಯಾವುದನ್ನೂ ಓದುವುದು ಬೇಡ, ವಿಭಾಗ ಮತ್ತು ವಿದ್ಯಾರ್ಥಿಯ ಹೆಸರಷ್ಟೇ ಸಾಕು ಎಂದು ಮೇಲಿನವರು ಹೇಳಿಕಳಿಸಿದರು. ನಿಮ್ಮದೊಂದೇ ಅಲ್ಲ, ಎಲ್ಲರದೂ ಹಾಗೆಯೇ. ನನ್ನ ಕೈಯಲ್ಲಿ ಏನಿತ್ತು ಹೇಳಿ? ಮುಂದಿನ ವರ್ಷ ಖಂಡಿತ ಓದುತ್ತಾರೆ.

ಕಾರ್ಯಕ್ರಮವೇನೋ ಚೆನ್ನಾಗಿ ಆಯಿತು. ನನ್ನ ದನಿ ಚೆನ್ನಾಗಿತ್ತು ಎಂದು ಕುಲಪತಿಗಳೇ ಹೇಳಿದರಂತೆ. ಸೀರೆ ಎಲ್ಲರಿಗೂ ಹಿಡಿಸಿತು.

ಎರಡು ಸಾಲಾದರೂ ಬರೆಯಿರಿ.

ನಿಮ್ಮ,
ಅರೀಬಾ


ರಾಯಚೂರು
೧೨ ಮಾರ್ಚ್ ೨೦೨೫

ಅಮ್ಮಾ,

ನಿಮ್ಮಿಂದ ಕಾಗದ ಬರಲಿಲ್ಲ. ಉಪವಾಸದ ದಿನಗಳು ನಡೆದಿವೆ. ಬಾಯಿ ಒಣಗಿದಾಗ ಸುಳ್ಳು ಹೇಳಲು ಕಷ್ಟವಾಗುತ್ತದೆ. ಆದ್ದರಿಂದ ಇನ್ನೊಮ್ಮೆ ಬರೆಯುತ್ತಿದ್ದೇನೆ. ಹಿಂದಿನ ಕಾಗದವನ್ನು ಹರಿದುಹಾಕಿ.

ನನ್ನ ಕೈಯಲ್ಲಿ ಏನಿತ್ತು ಎಂದು ಕೇಳಿದ್ದೆ. ಮೈಕು ಇತ್ತು.

ಪದಕಗಳು ಶುರುವಾಗುವ ಹೊತ್ತಿಗೆ ಪರದೆಯ ಹಿಂದಿನಿಂದ ಯಮನೂರಪ್ಪನವರು, "ಮೇಡಂ, ದಾನಿಗಳ ಹೆಸರು ಬ್ಯಾಡ್ರಿ, ಹುಡುಗರ ಹೆಸರಷ್ಟ ಓದ್ರಿ, ಸಾಹೇಬ್ರು ಹೇಳ್ಯಾರ" ಎಂದರು. ನಾನು ತಲೆ ಆಡಿಸಿದೆ. ಕನ್ನಡ ವಿಭಾಗ ಓದಿದೆ. ಮುಂದೆ ಇಂಗ್ಲಿಷ್ ಎಂದು ಎಲ್ಲರಿಗಿಂತ ಚೆನ್ನಾಗಿ ನಿಮಗೆ ಗೊತ್ತು, ಪ್ರತಿವರ್ಷ ಅದೇ ಸರದಿ. ನಾನು "ಇಂಗ್ಲಿಷ್ ವಿಭಾಗ" ಎನ್ನುವಷ್ಟರಲ್ಲಿ ಮೂರನೇ ಸಾಲಿನಲ್ಲಿ ಅಪ್ಪಾಜಿಯವರು ಎದ್ದು ನಿಂತಿದ್ದರು. ಹೆಸರು ಬರುವ ಮೊದಲೇ. ಕೈ ಮುಗಿದುಬಿಟ್ಟಿದ್ದರು.

ನಾನು ನೋಡಿದೆ ಅಮ್ಮಾ. ದೀಪದ ಬೆಳಕು ಕಣ್ಣಿಗೆ ಬಿದ್ದು ಕಾಣಲಿಲ್ಲ ಎಂದು ಹೇಳಬಹುದು. ಕಂಡಿತು. ಬಿಳಿಯ ರುಮಾಲು ಚೆನ್ನಾಗಿ ಕಂಡಿತು.

ಮೂರು ಮಾತು. ಮಾಳಿಗೆಯ ಮೇಲೆ ದಿನಾ ಕೂಗಿದ ಮೂರು ಮಾತು. ಯಾರೂ ಮೈಕು ಕಸಿದುಕೊಳ್ಳುತ್ತಿರಲಿಲ್ಲ. ಬೈಯುತ್ತಿದ್ದರು, ಅಷ್ಟೇ. ಏಪ್ರಿಲ್‌ನಲ್ಲಿ ಅತಿಥಿ ಉಪನ್ಯಾಸಕರನ್ನು ಮತ್ತೆ ತೆಗೆದುಕೊಳ್ಳುವಾಗ ನನ್ನನ್ನು ಬಿಡಬಹುದು ಎಂದು ಹೆದರಿದೆ, ಮತೀನರ ಗುತ್ತಿಗೆ ನೆನಪಾಯಿತು ಎಂದು ಮೊದಲು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ. ಆ ಹೊತ್ತಿನಲ್ಲಿ ಏನೂ ನೆನಪಾಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನನ್ನ ದನಿ ಆ ದೊಡ್ಡ ಸಭಾಂಗಣದಲ್ಲಿ ನನಗೇ ಹಿತವಾಗಿತ್ತು. ಹೇಳಿದ ಮಾತು ಕೇಳುವ ಒಳ್ಳೆಯ ಹುಡುಗಿಯಾಗಿ ನಿಂತಿರಬೇಕು ಅನಿಸಿತು. ಶಾಲೆಯಲ್ಲಿ ನನಗೆ ಚೆನ್ನಾಗಿ ಕಲಿಸಿದ್ದು ಅದೊಂದೇ ಇರಬೇಕು.

"ನಾಗರತ್ನಾ" ಎಂದೆ. "ಇತಿಹಾಸ ವಿಭಾಗ" ಎಂದೆ. ಅವರು ಇನ್ನೂ ನಿಂತೇ ಇದ್ದರು.

ಮತೀನ್‌ಗೆ ಎಲ್ಲ ಹೇಳಿದೆ. ಅವರು ನಗಿಸಲು ನೋಡಲಿಲ್ಲ. "ನಾನು ಅಂಗಳದಲ್ಲಿ ನಿಂತು ಕೇಳಿದ್ದೆನಲ್ಲ" ಎಂದರು.

ಮಾಫ್ ಮಾಡಿ ಎಂದು ಬರೆಯಲು ಕೈ ಬರುತ್ತಿಲ್ಲ. ನಾನು ಸಿರವಾರಕ್ಕೆ ಬರಲೇ? ಬಾಗಿಲಿನಲ್ಲಿ ನಿಂತು ಹೋಗುತ್ತೇನೆ.

ಅರೀಬಾ


ಸಿರವಾರ
೩ ಏಪ್ರಿಲ್ ೨೦೨೫

ಅರೀಬಾ,

ನಿಮ್ಮ ಉಪವಾಸದ ಹಬ್ಬ ಮುಗಿಯಲಿ, ಆಮ್ಯಾಲ ಬರದ್ರಾತು ಅಂತ ಸುಮ್ಮಕಿದ್ದೆ. ಹಬ್ಬದ ಮುಂದ ನಿನ್ನ ಅಳಸಬಾರದು.

ಹಿಂದಿನ ಸಾಲಿನಾವರು, "ಯಜಮಾನ್ರ, ಕುಂದರ್ರಿ, ನಮಗ ಕಾಣವಲ್ದು" ಅಂದ್ರು. ಅವರು ಕೂಡಲಿಲ್ಲ. ನಾ ಧೋತರ ಹಿಡದು ಜಗ್ಗಿ ಕೂಡ್ಸಿದೆ. ಕುಂತ ಮ್ಯಾಲೂ ಕೈ ಮುಗದಂಗ ಇದ್ವು. ನಾನ ಬಿಡಿಸಿದೆ.

ಕಾರಿನಾಗ ಕುಂತು ಊರಿನ ಹಾದಿ ಹಿಡದ್ವಿ. ಕಲ್ಲೂರು ದಾಟಿದ್ವಿ. ಆವಾಗ ಅವರು ಅಂದ್ರು, "ನೀಲಾನ ಹೆಸರ ಕೂಗಲಿಲ್ಲ."

ಯವ್ವಾ, ಇಷ್ಟ ವರ್ಷ ನಾ ಕಾದಿದ್ದು ಅವರ ಬಾಯಾಗಿಂದ ಆ ಹೆಸರ ಕೇಳಾಕ. ಕೇಳಿದ ದಿನ ಮಠಕ್ಕ ಹೋಗಿ ದೀಪ ಹಚ್ಚಬೇಕಂತ ಹರಕಿ ಹೊತ್ತಿದ್ದೆ. ಬಂತು ನೋಡು ಹೆಸರು. ಹಿಂಗ ಬಂತು. ನನಗ ಏನ ಮಾಡಬೇಕಂತ ತಿಳೀಲಿಲ್ಲ. ಕಿಟಕಿ ಹೊರಗ ನೋಡಿದೆ.

ಸ್ವಲ್ಪ ಮುಂದ ಹೋದ ಮ್ಯಾಲ ಮತ್ತ ಕೇಳಿದ್ರು, "ಆ ಹುಡುಗಿ ಉಟ್ಟಿದ್ದು ನಮ್ಮ ಸೀರಿ ಅಲ್ಲೇನು?"

ಹೌದು ಅಂದೆ.

ಅಷ್ಟ. ಆಮ್ಯಾಲ ಇವತ್ತಿನ ತನಕ ಆ ಮಾತ ತೆಗೆದಿಲ್ಲ.

ಮರುದಿನಕ್ಕಂತ ಹೂರಣ ಮಾಡಿಟ್ಟಿದ್ದೆ. ಮಲ್ಲಟದ ಹುಡುಗಿ ಬರಲಿಲ್ಲ. ಯಾಕ ಬರ್ತಾಳ? ಕೊರಳಾಗ ಹಾಕ್ಕೊಂಡಿದ್ದು ಯಾರ ಹೆಸರಿನ ಪದಕಂತ ಯಾರರ ಹೇಳಿರಬೇಕಲ್ಲ. ಆಕೀದೇನ ತಪ್ಪಿಲ್ಲ. ಹೂರಣ ಗಿರಣಿ ಆಳುಗಳಿಗೆ ಹಂಚಿದೆ. ನೀಲಾನ ತಟ್ಟಿ ಯಜಮಾನ್ರು ತಮ್ಮ ಕೈಯಾರೆ ತೊಳೆದು ಅಟ್ಟದ ಮ್ಯಾಲ ಇಟ್ಟಾರ.

ಮುಂದಿನ ವರ್ಷ ಬರಂಗಿಲ್ಲಂತ. ಪದಕ ಕೊಡಲಿ, ಬಿಡಲಿ, ಏನೂ ಕೇಳಬ್ಯಾಡ ಅಂದಾರ. ರುಮಾಲ ಪೆಟ್ಟಿಗ್ಯಾಗ ಇಟ್ಟೀನಿ.

ನಿನಗ ಕೆಟ್ಟದ್ದು ಬಯಸಂಗಿಲ್ಲ. ನಿನ್ನ ವಯಸ್ಸಿನಾಗ ನನ್ನ ಕೈಯಾಗ ಮೈಕ ಕೊಟ್ಟಿದ್ರ ನಾ ಏನ ಮಾಡ್ತಿದ್ನೋ. ನೌಕರಿ ಉಳೀತೇನು? ಉಳಿದಿದ್ರ ಛಲೋ ಆತು.

ಈಗ ಸದ್ಯ ಬರಬ್ಯಾಡ. ಬಾಗಿಲದಾಗ ನಿಂತು ಹೋಗಾಕ ನೀ ಏನ ಹೊರಗಿನ ಹುಡುಗಿಯೇನು? ಅದಕ್ಕ ಬರಬ್ಯಾಡ ಅಂದೆ.

ಅನ್ನಮ್ಮ


ರಾಯಚೂರು
೨೩ ಏಪ್ರಿಲ್ ೨೦೨೫

ಅಮ್ಮಾ,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ.

ನೌಕರಿ ಉಳಿಯಿತು. ಮುಂದಿನ ಸೆಮಿಸ್ಟರಿಗೂ ತೆಗೆದುಕೊಂಡರು. ಯಮನೂರಪ್ಪನವರು ಪೇಡಾ ಕೊಟ್ಟು, "ಮುಂದಿನ ಸಲಾನೂ ಮೈಕ್ ನಿಮಗ ನೋಡ್ರಿ ಮೇಡಂ" ಎಂದರು. ನನ್ನಿಂದ ಆಗುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಗಂಟಲು ನೋವೇ ಎಂದು ಕೇಳಿದರು. ಸೋರುವ ಕೋಣೆಯ ಮಾಳಿಗೆಗೆ ಡಾಂಬರು ಹಾಕುತ್ತಿದ್ದಾರೆ. ಮಳೆಗಾಲದ ಒಳಗೆ ಮುಗಿಯುತ್ತದಂತೆ.

ಸೀರೆಯನ್ನು ಒಗೆದು, ಮಡಿಚಿ ಇಟ್ಟಿದ್ದೇನೆ. ಉಡಲಾರೆ, ಕಳಿಸಲಾರೆ.

ಇವತ್ತು ಮುಂಜಾನೆ ಮೊದಲ ತರಗತಿಯಲ್ಲಿ ಹಾಜರಿ ತೆಗೆಯುತ್ತಿದ್ದೆ. ಕಿಟಕಿಯ ಪಕ್ಕದ ಬೆಂಚು ಖಾಲಿ ಇತ್ತು. ಕೊನೆಯ ಹೆಸರು ಮುಗಿದ ಮೇಲೆ ನಾನು ಪುಸ್ತಕ ಮುಚ್ಚಿ, ತಲೆ ಎತ್ತಿ, ಮಾಳಿಗೆಯ ಮೇಲೆ ಕೂಗುತ್ತಿದ್ದಷ್ಟೇ ದೊಡ್ಡ ದನಿಯಲ್ಲಿ ಕೂಗಿದೆ.

"ಕುಮಾರಿ ನೀಲಾಂಬಿಕಾ ಬಸವಲಿಂಗಪ್ಪ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು, ಬರದ ಗೆಳತಿಯರ ಪರವಾಗಿ ಯಾವಾಗಲೂ ಹೇಳುವಂತೆ, ತಲೆ ಎತ್ತದೆ ಹೇಳಿದಳು:

"ಇವತ್ತ ಬಂದಿಲ್ರೀ ಮೇಡಂ."

ಅರೀಬಾ